ಪಡುವಣಕ್ಕಿಟ್ಟ ಚೀಲ

“ಬೆಳ್ಳಕೋಡಿಗಾ?” ಸಿದ್ದಬಸಪ್ಪ ತಲೆಯೆತ್ತಿ ನೋಡಿದ. “ಏನಮ್ಮಾ ಇದು, ಇವತ್ತು ಎಲ್ರಿಗೂ ಬೆಳ್ಳಕೋಡಿನೇ ಬೇಕಾ? ಬೆಳಿಗ್ಗೆ ಶಟರ್ ಎತ್ತೋ ಹೊತ್ತಿಗೇ ಒಬ್ರು ಫೋನ್ ಮಾಡಿ ಇದನ್ನೇ ಕೇಳಿದ್ರು.”

ಕೊಡೆ ಮಡಚುತ್ತಿದ್ದ ಆಂಡಾಳಮ್ಮನ ಕೈ ಅಲ್ಲಿಯೇ ನಿಂತಿತು.

ಕಲಾಸಿಪಾಳ್ಯದಲ್ಲಿ ಬಸ್ ಬುಕಿಂಗ್ ಆಫೀಸುಗಳಿಗೆ ಬರಗಾಲವಿಲ್ಲ. ಆದರೆ ಬೆಳ್ಳಕೋಡಿ ಎಂಬ ಹೆಸರು ಕಿವಿಗೆ ಬಿದ್ದವನು ಆ ಬೀದಿಯಲ್ಲಿ ಬಹುಶಃ ಸಮುದ್ರರಾಜ ಟ್ರಾವೆಲ್ಸಿನ ಸಿದ್ದಬಸಪ್ಪನೊಬ್ಬನೇ. ಕುಂದಾಪುರದಾಚೆ, ಒಂದು ಕಡೆ ಕಡಲು, ಇನ್ನೊಂದು ಕಡೆ ಹಿನ್ನೀರು, ನಡುವೆ ಮರಳ ದಿಬ್ಬದ ಮೇಲೆ ಕೂತ ನಾಲ್ಕಾರು ಮನೆಗಳ ಊರು ಅದು. ಅಲ್ಲಿಗೆ ಬಸ್ಸಿಲ್ಲ. ಹೆದ್ದಾರಿಯಿಂದ ಇಳಿದು ಹಿನ್ನೀರಿನ ನಡುವೆ ಹಾಕಿದ ಮಣ್ಣಿನ ಕಟ್ಟೆಯ ಮೇಲೆ ಹೋಗಬೇಕು. ಉಬ್ಬರ ಬಂದರೆ ಕಟ್ಟೆ ನೀರಿನಡಿ, ಇಳಿತವಾದರೆ ಮತ್ತೆ ರಸ್ತೆ. ಅಂಥ ಜಾಗಕ್ಕೆ ಜುಲೈ ಮಳೆಯಲ್ಲಿ ಒಂದೇ ದಿನ ಇಬ್ಬರು ದಾರಿ ವಿಚಾರಿಸಿದರೆಂದರೆ ಇಬ್ಬರಲ್ಲಿ ಒಬ್ಬರೂ ಗಾಳಿ ಸೇವನೆಗೆ ಹೊರಟವರಲ್ಲ.

ಆ ದಿಬ್ಬದ ಮೇಲಿನ ಒಂದು ಮನೆಯಲ್ಲಿ ಅಕ್ಷಯಾ ಇದ್ದಳು. ಚಾಮರಾಜಪೇಟೆಯ ಭಜನಾ ಮಂದಿರದ ಕಾವಲುಗಾರ ಲಕ್ಷ್ಮಯ್ಯನನ್ನು ಕೊಂದು ಉತ್ಸವಮೂರ್ತಿ ಹೊತ್ತು ಓಡಿದವನ ಮುಖವನ್ನು ಕಂಡದ್ದು, ಎದುರಿನ ಗೆಳತಿಯ ಮನೆಯ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದ ಆ ಹುಡುಗಿ ಒಬ್ಬಳೇ. ಬಲಗಡೆಯ ಹುಬ್ಬು ಅರ್ಧಕ್ಕೇ ನಿಂತುಹೋದ ಮುಖ. ಸೋಮವಾರ ಮ್ಯಾಜಿಸ್ಟ್ರೇಟರ ಮುಂದೆ ಅವಳು ಹೇಳಿಕೆ ಕೊಡಬೇಕು. ಅಲ್ಲಿಯವರೆಗೆ ಅವಳು ಬದುಕಿರಬೇಕು, ಮತ್ತು ಅವಳನ್ನು ಬದುಕಿಸಿ ತರುತ್ತೇನೆಂದು ಅವಳ ತಾಯಿಗೆ ಮಾತು ಕೊಟ್ಟವಳು ಆಂಡಾಳಮ್ಮ.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅರ್ಧ ಆಯುಷ್ಯ ಕಳೆದು, ಊರಿನವರ ಗುಟ್ಟುಗಳನ್ನೆಲ್ಲಾ ಕೇಳಿಯೂ ಕೇಳದಂತಿದ್ದು, ಕೊನೆಗೆ ಕೆಲಸ ಬಿಟ್ಟು ಗಾಂಧಿ ಬಜಾರಿನಲ್ಲಿ ಪತ್ತೇದಾರಿಕೆಯ ಬೋರ್ಡು ಹಾಕಿಕೊಂಡ ಹೆಂಗಸು ಆಕೆ. ಹುಡುಗಿಯನ್ನು ಅಡಗಿಸಿಟ್ಟದ್ದೂ ತನ್ನ ಜೊತೆ ಕೆಲಸ ಮಾಡಿದ್ದ ಆಪರೇಟರ್ ಮಹಾನಂದಳ ಮನೆಯಲ್ಲಿ. ವಿಷಯ ಗೊತ್ತಿದ್ದದ್ದು ಆಂಡಾಳಮ್ಮನಿಗೆ, ಕಾರು ಓಡಿಸಿದ ನಂದೀಶನಿಗೆ, ಮಹಾನಂದಳಿಗೆ. ಈಗ ನಾಲ್ಕನೆಯವನೊಬ್ಬ ದಾರಿ ಕೇಳುತ್ತಿದ್ದಾನೆ.

“ಯಾರು ಅಂತ ಹೇಳಿದ್ರಾ?”

“ಹೆಸರು ಹೇಳ್ಲಿಲ್ಲ. ಗಂಡಸು. ಒಳ್ಳೆ ತಣ್ಣಗೆ ಮಾತಾಡ್ತಾರೆ. ಶಿರಾಡಿ ಘಾಟಿ ಬಂದ್ ಆಗಿದ್ಯಾ ಅಂದ್ರು. ಮೊನ್ನೆಯಿಂದ ಬಂದ್ ಆಗಿದೆ, ರಸ್ತೆನೇ ಹೊಳೆಗೆ ಹೋಗಿದೆ, ಚಾರ್ಮಾಡಿ ಮೇಲೆ ಹೋಗಿ ಅಂದೆ. ಕಟ್ಟೆ ಮೇಲೆ ನೀರು ಇಳಿಯೋದು ಯಾವಾಗ ಅಂದ್ರು. ನಂಗೇನ್ ಗೊತ್ತು? ಈಗ ದಿನಕ್ಕೊಂದ್ಸಲ ಬೆಳಗಿನ ಜಾವ ಇಳಿಯುತ್ತಂತೆ, ಅಲ್ಲೇ ದೋಣಿಯವ್ರನ್ನ ಕೇಳಿ ಅಂದೆ.”

ಆಂಡಾಳಮ್ಮನಿಗೆ ಹೆದರಿಕೆಯಾಯಿತೆಂದು ಬರೆದರೆ ಅರ್ಧ ಸುಳ್ಳಾದೀತು. ಹೆದರಿಕೆಯ ಜೊತೆಗೇ ಮೈ ಜುಮ್ಮೆಂದಿತು. ಎರಡು ವಾರದಿಂದ ನೆರಳಿನ ಹಿಂದೆ ಓಡಿ ಸಾಕಾಗಿದ್ದವಳಿಗೆ ನೆರಳು ಈಗ ತಾನಾಗಿಯೇ ಬಾಯಿ ಬಿಟ್ಟು ಮಾತಾಡಿತ್ತು.

“ಇನ್ನೇನಾದ್ರೂ ಅಂದ್ರಾ? ಯೋಚ್ನೆ ಮಾಡಿ ಹೇಳಿ ಸಿದ್ದಬಸಪ್ಪನೋರೇ. ನಿಮ್ಮ ತಮಾಷೆ ಮಾತೂ ಬಿಡ್ಬೇಡಿ.”

ಸಿದ್ದಬಸಪ್ಪ ಪೆನ್ನಿನಿಂದ ಕಿವಿ ಕೆರೆದುಕೊಂಡ. “ತಮಾಷೆನೇ ಮಾಡ್ದೆ. ಇವತ್ತು ಶುಕ್ರವಾರ, ಪಡುವಲಕ್ಕೆ ಶೂಲೆ ಅಲ್ವಾ ಸ್ವಾಮಿ, ಹೊರಡ್ಬೋದಾ ಅಂದೆ. ಅವ್ರು ನಕ್ಕುಬಿಟ್ಟು, ಅದಕ್ಕೂ ವ್ಯವಸ್ಥೆ ಆಗಿದೆ, ನಿನ್ನೇನೇ ಪರಸ್ತಾನ ಇಟ್ಟಾಗಿದೆ ಅಂದ್ರು.”

“ಪರಸ್ತಾನ ಅಂದ್ರಾ? ಅದೇ ಮಾತಾ?”

“ಅದೇ. ನಾನು ಹಾಗಂದ್ರೇನು ಅಂದೆ. ಅಷ್ಟರಲ್ಲಿ ಫೋನ್ ಇಟ್ರು.”

ಆಗಲೇ ಹಿಂತಿರುಗಿ ಬಾಗಿಲಲ್ಲಿ ಒರಗಿ ನಿಂತಿದ್ದ ನಂದೀಶ ಒಳಗೆ ಇಣುಕಿದ. ಅವನು ಅಲ್ಲಿಯವರೆಗೆ ಹೊರಗೆ ತನ್ನದೇ ಬಗೆಯಲ್ಲಿ ರಸ್ತೆ ವಿಚಾರಿಸುತ್ತಿದ್ದ. ಟಿಕೆಟ್ ಮಾರುವವರು ಯಾವತ್ತೂ ರಸ್ತೆ ಕೆಟ್ಟಿದೆ ಎನ್ನುವುದಿಲ್ಲ ಎಂಬುದು ಆಂಡಾಳಮ್ಮನ ಗುಮಾನಿ. ಹಾಗಾಗಿ ಆಗತಾನೇ ಬಂದು ನಿಂತ ಬಸ್ಸನ್ನು ನೋಡಿಕೊಂಡು ಬಾ ಎಂದು ಅವನನ್ನು ಕಳಿಸಿದ್ದಳು.

“ಕಿಟಕಿ ಮಟ್ಟ ಕೆಮ್ಮಣ್ಣು ಮೇಡಂ,” ಎಂದ ನಂದೀಶ. “ವೈಪರ್‌ನಲ್ಲಿ ಹಸಿ ಕೊಂಬೆ ಸಿಕ್ಕಾಕೊಂಡಿದೆ. ಡ್ರೈವರ್ ಹೇಳ್ದ, ಚಾರ್ಮಾಡಿ ಇದೆ, ಆದ್ರೆ ಇವತ್ತಿಗೆ ಮಾತ್ರ ಅಂತ. ಒಂದ್ಸಲ ಮೇಲಿಂದ ಬಿಡ್ತಾರೆ, ಒಂದ್ಸಲ ಕೆಳಗಿಂದ.”

“ಆಗುಂಬೆ?”

“ಆ ಕಡೆ ದೊಡ್ಡ ಬಸ್ ಹೋಗಲ್ವಲ್ಲ. ಇಲ್ಲಿ ಯಾರಿಗೂ ಸುದ್ದಿ ಇಲ್ಲ.” ನಂದೀಶ ದನಿ ತಗ್ಗಿಸಿದ. “ಪರಸ್ತಾನ ಅಂದ್ರೇನು ಮೇಡಂ?”

ಅದು ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಇನ್ನೂ ಉಸಿರಾಡುತ್ತಿರುವ ಸಂಪ್ರದಾಯ. ಒಂದೊಂದು ವಾರ ಒಂದೊಂದು ದಿಕ್ಕಿಗೆ ಶೂಲೆ, ಆ ಕಡೆ ಹೊರಡಬಾರದು. ಶುಕ್ರವಾರ, ಭಾನುವಾರ ಪಡುವಣ ಕೂಡದು. ಆದರೆ ರಜೆ, ಕೋರ್ಟು, ರೈಲಿನ ಟಿಕೆಟ್ಟು ಇವೆಲ್ಲಾ ಪಂಚಾಂಗವನ್ನು ಕೇಳಿ ಬರುತ್ತವೆಯೇ? ಅದಕ್ಕೇ ಹಿರಿಯರು ಒಂದು ಉಪಾಯ ಮಾಡಿಟ್ಟಿದ್ದಾರೆ. ಹಿಂದಿನ ದಿನವೇ ಒಳ್ಳೆಯ ಹೊತ್ತು ನೋಡಿ, ಹೋಗುವ ದಿಕ್ಕಿನಲ್ಲಿರುವ ನೆಂಟರ ಮನೆಯಲ್ಲಿ ನಮ್ಮದೊಂದು ಚೀಲ ಇಟ್ಟುಬರುವುದು. ಪ್ರಯಾಣ ಅಲ್ಲಿಗೇ ಶುರುವಾದಂತೆ ಲೆಕ್ಕ. ಮರುದಿನ ಆ ಮನೆಗೆ ಹೋಗಿ, ಚೀಲ ಎತ್ತಿಕೊಂಡು, ಹಿಂತಿರುಗಿ ನೋಡದೆ ನಡೆದರಾಯಿತು. ದೇವರಿಗೇ ಚಳ್ಳೆಹಣ್ಣು ತಿನ್ನಿಸಿ ಬಸ್ ಹತ್ತುವ ಈ ಜಾಣತನವನ್ನು ನೆನೆದಾಗಲೆಲ್ಲಾ ಆಂಡಾಳಮ್ಮನಿಗೆ ನಗು ಬರುತ್ತಿತ್ತು. ಹಾಗೆಂದು ತಾನೂ ಮಾಡದೆ ಬಿಟ್ಟವಳಲ್ಲ.

“ನಮ್ಮನೇಲಿ ಇದೆಲ್ಲಾ ಇಲ್ಲಪ್ಪ,” ಎಂದ ನಂದೀಶ. “ಬುದ್ಧನ ಫೋಟೋಗೆ ಒಂದು ಊದುಬತ್ತಿ ಹಚ್ಚೋದು, ಗಾಡಿ ತೆಗೆಯೋದು.”

“ಈ ಮನುಷ್ಯನ ಮನೇಲಿ ಇದೆ ಅಥವಾ ಇವನ ಜೊತೆ ಹೋಗೋರ ಮನೇಲಿ ಇದೆ. ಎಲ್ಲೋ ಪಡುವಣದ ಕಡೆ ಒಂದು ಮನೇಲಿ ಒಂದು ಚೀಲ ಕೂತಿದೆ ನಂದೀಶ. ಅದು ಸಿಕ್ಕಿದ್ರೆ ಇವನೂ ಸಿಕ್ಕಿದ ಹಾಗೆ.”

ಅವಳು ಮತ್ತೆ ಸಿದ್ದಬಸಪ್ಪನ ಕಡೆ ತಿರುಗಿದಳು. ಒಂದು ಪ್ರಶ್ನೆ ಗಂಟಲಲ್ಲಿ ಮುಳ್ಳಿನಂತೆ ಕೂತಿತ್ತು. ಬೆಳ್ಳಕೋಡಿಯ ಹೆಸರನ್ನು ತಾನು ಬಾಯಿಬಿಟ್ಟು ಆಡಿದ್ದು ಒಂದೇ ಸಲ. ಹುಡುಗಿಯನ್ನು ಕರೆದೊಯ್ಯುವ ಮುನ್ನ ರಸ್ತೆ ಹೇಗಿದೆಯೆಂದು ಕೇಳಲು ಇದೇ ಆಫೀಸಿಗೆ ಫೋನ್ ಮಾಡಿದಾಗ. ಅವತ್ತು ಮನೆಯ ಫೋನ್ ಕೆಟ್ಟಿತ್ತು. ಮಾಡಿದ್ದು ಬೇರೆ ಕಡೆಯಿಂದ.

“ಹೋದ ಸಲ ನಾನು ಫೋನ್ ಮಾಡಿದ್ನಲ್ಲ, ಆಮೇಲೆ ಯಾರಾದ್ರೂ ಅದೇ ವಿಷಯ ಕೇಳಿದ್ರಾ?”

“ಕೇಳಿದ್ರಲ್ಲ. ನೀವು ಇಟ್ಟ ಸ್ವಲ್ಪ ಹೊತ್ತಿಗೇ. ನಿಮ್ಮ ಕಡೆಯವ್ರೇ ಅಲ್ವಾ? ಅಮ್ಮಾವ್ರು ಎಲ್ಲಿಗೆ ಅಂತ ಹೇಳಿದ್ರು, ಸರಿಯಾಗಿ ಕೇಳಿಸ್ಲಿಲ್ಲ ಅಂದ್ರು. ಬೆಳ್ಳಕೋಡಿ ಅಂತ ಹೇಳ್ದೆ.” ಆಂಡಾಳಮ್ಮನ ಮುಖ ನೋಡಿ ಅವನ ಮಾತು ನಿಧಾನವಾಯಿತು. “ತಪ್ಪಾಯ್ತಾ ಅಮ್ಮ?”

“ನಿಮ್ಮದಲ್ಲ,” ಎಂದಳು ಆಂಡಾಳಮ್ಮ. “ನಂದು.”

ಅವತ್ತು ಅವಳು ಫೋನ್ ಮಾಡಿದ್ದು ಚಾಮರಾಜಪೇಟೆಯಲ್ಲಿ, ಭಜನಾ ಮಂದಿರದ ಪರವಾಗಿ ಕೇಸು ನೋಡುತ್ತಿದ್ದ ವಕೀಲ ಆತ್ರೇಯನ ಮೇಜಿನಿಂದ. ಅವನನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ಪಿಸುದನಿಯಲ್ಲಿ ಮಾತಾಡಿದ್ದಳು. ಎಲ್ಲಾ ಸರಿಯೇ. ಆದರೆ ಅವಳ ಕಾಲದ ಫೋನುಗಳಿಗೆ ನೆನಪಿನ ಶಕ್ತಿ ಇರಲಿಲ್ಲ. ಈಗಿನವು ಕೊನೆಯದಾಗಿ ಒತ್ತಿದ ನಂಬರನ್ನು ಹೊಟ್ಟೆಯೊಳಗೆ ಇಟ್ಟುಕೊಂಡಿರುತ್ತವೆ, ಒಂದು ಗುಂಡಿ ಅದುಮಿದರೆ ಕಕ್ಕುತ್ತವೆ. ಮೂವತ್ತು ವರ್ಷ ಫೋನಿನ ಜೊತೆ ಸಂಸಾರ ಮಾಡಿದವಳಿಗೆ ಇದು ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಉಕ್ಕಿತು.

“ಗಾಡಿ ತೆಗಿ ನಂದೀಶ.”

ಚಾಮರಾಜಪೇಟೆ ಕೂಗಳತೆಯ ದೂರ. ಆದರೂ ಹಳೇ ಪ್ರೀಮಿಯರ್ ಪದ್ಮಿನಿ ಅಲ್ಲಿಗೆ ತಲುಪುವಷ್ಟರಲ್ಲಿ ಆಂಡಾಳಮ್ಮ ಮನಸ್ಸಿನಲ್ಲಿ ಬೆಳ್ಳಕೋಡಿಯ ಕಟ್ಟೆಯ ಮೇಲೆ ಹತ್ತು ಸಲ ಓಡಿಬಂದಿದ್ದಳು. ಫೋನ್ ಮಾಡಿ ಎಚ್ಚರಿಸೋಣವೆಂದರೆ ಘಟ್ಟದ ಕೆಳಗಿನ ಲೈನುಗಳೆಲ್ಲಾ ಬಿರುಮಳೆಗೆ ಸತ್ತು ಮಲಗಿದ್ದವು.

ಆತ್ರೇಯನ ಮನೆಯ ಮುಂಭಾಗವೇ ಅವನ ಆಫೀಸು. ಪೋರ್ಟಿಕೋ ಖಾಲಿಯಿತ್ತು. ಯಾವಾಗಲೂ ಅಲ್ಲಿ ನಿಂತಿರುತ್ತಿದ್ದ ಬಿಳಿ ಎಸ್ಟೀಮ್ ಕಾರು ಕಾಣಲಿಲ್ಲ. ಮೆಟ್ಟಿಲು ಹತ್ತುವ ಮುನ್ನ ಆಂಡಾಳಮ್ಮ ನೆಲದ ಮೇಲೆ ಏನನ್ನೋ ನೋಡಿ, ಬಗ್ಗಿ, ಬೆರಳಿನಿಂದ ಮುಟ್ಟಿ ಮೂಸಿ, ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು.

“ಬನ್ನಿ ಬನ್ನಿ ಆಂಡಾಳಮ್ಮ,” ಆತ್ರೇಯ ಎದ್ದು ನಿಂತ. ನಲವತ್ತರ ಆಸುಪಾಸಿನ, ನೋಡಲು ಲಕ್ಷಣವಾದ ಮನುಷ್ಯ. “ನೀವು ಹೊರಟಿರ್ತೀರಿ ಅಂದ್ಕೊಂಡಿದ್ದೆ. ಹುಡುಗೀನ ಕರ್ಕೊಂಡು ಬರ್ಬೇಕಲ್ಲ. ಕಾಫಿ?”

“ಆಮೇಲೆ. ಒಂದು ಫೋನ್ ಮಾಡ್ಲಾ?”

“ಧಾರಾಳವಾಗಿ.”

ಆಂಡಾಳಮ್ಮ ರಿಸೀವರ್ ಎತ್ತಿ ಒಂದೇ ಒಂದು ಗುಂಡಿ ಒತ್ತಿದಳು. ಒಳಗೆ ಸಣ್ಣ ಸಣ್ಣ ಸ್ವರಗಳು ಓಡಿದವು. ಆ ಸ್ವರಗಳಲ್ಲಿಯೇ ಅವಳಿಗೆ ನಂಬರ್ ಗೊತ್ತಾಗಿಹೋಯಿತು. ಆದರೂ ಆತ್ರೇಯನಿಗೂ ಗೊತ್ತಾಗಲೆಂದು ರಿಸೀವರನ್ನು ಅವನ ಕಡೆ ಚಾಚಿ ಹಿಡಿದಳು.

“ಸಮುದ್ರರಾಜ ಟ್ರಾವೆಲ್ಸ್, ಸಿದ್ದಬಸಪ್ಪ ಮಾತಾಡ್ತಿರೋದು,” ಎಂದಿತು ರಿಸೀವರ್. “ಹಲೋ? ಯಾರ್ರೀ?”

ಆಂಡಾಳಮ್ಮ ಮೆಲ್ಲಗೆ ಕೆಳಗಿಟ್ಟಳು. ಆತ್ರೇಯನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅವನು ಕೂತುಕೊಂಡ.

“ಹೌದು, ನಾನೇ ಮಾಡಿದ್ದೆ. ನೀವು ಈ ಮಳೇಲಿ ಅಷ್ಟು ದೂರ ಹೋಗ್ತೀರಿ. ರಸ್ತೆ ಹೇಗಿದೆ ಅಂತ ನಾನೂ ಒಂದ್ಸಲ ವಿಚಾರಿಸಿದೆ. ಅದು ಯಾವ ಸೆಕ್ಷನ್ ಕೆಳಗೆ ಅಪರಾಧ?”

“ನಾನು ಹೋಗೋದು ಬೆಳ್ಳಕೋಡಿಗೆ ಅಂತ ನಿಮಗೆ ಯಾರು ಹೇಳಿದ್ದು?”

“ನೀವೇ. ಅವತ್ತು ಫೋನ್ ಇಟ್ಟು ಹೋದ್ರಲ್ಲ. ಈಗ ನೀವು ಒತ್ತಿದ ಗುಂಡೀನೇ ನಾನೂ ಒತ್ತಿದೆ.” ಅವನು ನಕ್ಕ. “ಟೆಲಿಫೋನ್ಸ್‌ನಲ್ಲಿ ಇದ್ದೋರು ನೀವು. ನಾನು ನಿಮಗೆ ಹೇಳಿಕೊಡಬೇಕಾ?”

ಆ ಮಾತು ಕೆನ್ನೆಗೆ ಬಾರಿಸಿದಂತಾಯಿತು. ಆದರೆ ಆಂಡಾಳಮ್ಮ ಕೆನ್ನೆ ಸವರಿಕೊಳ್ಳುತ್ತ ಕೂರುವವಳಲ್ಲ.

“ಯಾಕೆ ಒತ್ತಿದ್ರಿ?”

“ಸಾಕ್ಷಿ ನಮ್ಮ ಕಡೆಯವಳು. ಎಲ್ಲಿದಾಳೆ ಅಂತ ವಕೀಲನಿಗೆ ಗೊತ್ತಿರ್ಬಾರ್ದಾ?”

“ಗೊತ್ತಿರೋದು ಬೇರೆ. ಕಟ್ಟೆ ಮೇಲೆ ನೀರು ಯಾವಾಗ ಇಳಿಯುತ್ತೆ ಅಂತ ಕೇಳೋದು ಬೇರೆ. ಪರಸ್ತಾನ ಯಾರದು ಆತ್ರೇಯ ಅವರೇ?”

ಅವನು ಮೇಜಿನ ಮೇಲಿನ ಫೈಲನ್ನು ಸರಿಮಾಡಿಟ್ಟ. ಆಮೇಲೆ ಜೋರಾಗಿ ನಕ್ಕ. “ನಂದಾ? ರಾಹುಕಾಲದಲ್ಲೇ ಮನೆ ಪಾಯ ಹಾಕಿಸಿದವನು ನಾನು. ನಮ್ಮ ತಾಯಿ ವಾರಗಟ್ಟಲೆ ಮಾತಾಡ್ಲಿಲ್ಲ. ಆ ಬಸ್ಸಿನವನು ಶೂಲೆ ಗೀಲೆ ಅಂದ, ನಾನೂ ತಮಾಷೆಗೆ ಏನೋ ಅಂದೆ.”

“ಪರಸ್ತಾನ ಅನ್ನೋ ಮಾತು ನಂಬದೇ ಇರೋರಿಗೆ ತಮಾಷೆಗೂ ಬರಲ್ಲ. ಯಾರೋ ಇತ್ತೀಚೆಗೆ ನಿಮ್ಮ ಕಿವಿಗೆ ಹಾಕಿದಾರೆ. ಹೋಗಲಿ, ನಿಮ್ಮ ಕಾರೆಲ್ಲಿ?”

“ಸರ್ವಿಸ್‌ಗೆ ಬಿಟ್ಟಿದೀನಿ.”

“ಸರ್ವಿಸ್‌ಗೆ ಹೋಗೋ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡ್ತಾರಾ?”

ಆತ್ರೇಯ ಕಿಟಕಿಯಾಚೆ ಪೋರ್ಟಿಕೋ ಕಡೆ ನೋಡಿದ.

“ಹೊರಗೆ ಒಂದು ನಿಂಬೆಹಣ್ಣು ಅಪ್ಪಚ್ಚಿ ಆಗಿ ಬಿದ್ದಿದೆ. ಇನ್ನೂ ಹಸಿ ವಾಸನೆ. ನೀವು ಇಡಲ್ಲ, ನೀವು ರಾಹುಕಾಲದೋರು. ಡ್ರೈವರ್ ಇಟ್ಟಿದಾನೆ. ದೂರ ಹೋಗೋ ಡ್ರೈವರ್. ಯಾರವನು?”

ಆಗ ಅವಳಿಗೆ ಬೇಕಾದದ್ದು ಸಿಕ್ಕಿತು. ಉತ್ತರವಲ್ಲ. ಆತ್ರೇಯನ ಕಣ್ಣು ಗೋಡೆಯ ಗಡಿಯಾರದ ಕಡೆ ಹೋಗಿ ಬಂತು. ಸಿಕ್ಕಿಬಿದ್ದವನು ಬಾಗಿಲು ನೋಡುತ್ತಾನೆ. ಗಡಿಯಾರ ನೋಡುವವನು ಹೊತ್ತು ಕಳೆಯಲೆಂದು ಕಾಯುತ್ತಿರುವವನು.

“ಕೂತ್ಕೊಳ್ಳಿ ಆಂಡಾಳಮ್ಮ,” ಎಂದ ಅವನು, ಎಂದಿನ ತಣ್ಣನೆಯ ದನಿಯಲ್ಲಿ. “ಕಾಫಿ ತರಿಸ್ತೀನಿ. ನಿಧಾನವಾಗಿ ಮಾತಾಡೋಣ.”

“ನಿಧಾನ ನಿಮಗೆ ಬೇಕು, ನನಗಲ್ಲ,” ಎಂದು ಆಂಡಾಳಮ್ಮ ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಕಾರಿನಲ್ಲಿ ಕೂತವಳು ಎಲ್ಲಿಗೆ ಎಂದು ಹೇಳಲಿಲ್ಲ. ನಂದೀಶ ಇಂಜಿನ್ ಚಾಲೂ ಮಾಡಿ ಕಾದ.

“ನಂದೀಶ, ಅಕ್ಷಯಾಗೆ ನಾನು ಏನು ಹೇಳಿ ಬಂದಿದ್ದೆ?”

“ಯಾರು ಬಂದ್ರೂ ಹೋಗ್ಬೇಡ. ಪೊಲೀಸ್ ಬಂದ್ರೂ ಹೋಗ್ಬೇಡ ಅಂದಿದ್ರಿ.”

“ಹಾಗಿದ್ರೂ ಅವಳು ಯಾರಿಗೋಸ್ಕರ ಬಾಗ್ಲು ತೆಗೀತಾಳೆ?”

ನಂದೀಶ ಕನ್ನಡಿಯಲ್ಲಿ ಅವಳನ್ನು ನೋಡಿದ. “ಅವರಮ್ಮ ಬಂದ್ರೆ.”

“ಅವರಮ್ಮ ಹೊರಟ್ರೆ ಪರಸ್ತಾನ ಇಡದೇ ಹೊರಡಲ್ಲ,” ಎಂದಳು ಆಂಡಾಳಮ್ಮ. ಮಾತು ಮುಗಿಯುವಷ್ಟರಲ್ಲಿ ಅವಳಿಗೆ ದಾರಿಯೂ ಕಂಡಿತು. ಅಕ್ಷಯಾಳ ತಾಯಿ ಮಧುರಾಳ ಮನೆ ಬಸವನಗುಡಿ. ಅಲ್ಲಿಂದ ಪಡುವಣಕ್ಕೆ ಹನುಮಂತನಗರ. ಹನುಮಂತನಗರದಲ್ಲಿ ಮಧುರಾಳ ದೊಡ್ಡಪ್ಪನ ಮಗ ಶೀನಣ್ಣನ ಮನೆ. “ಗುಡ್ಡದ ದೇವಸ್ಥಾನದ ಕೆಳಗಿನ ರಸ್ತೆ. ಬೇಗ.”

ಪದ್ಮಿನಿ ಅವತ್ತು ತನ್ನ ವಯಸ್ಸು ಮರೆಯಿತು. ಆಂಡಾಳಮ್ಮ ಮುಂದಿನ ಸೀಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಚೀಲ ಅಲ್ಲೇ ಇದ್ದರೆ ಮಧುರಾ ಇನ್ನೂ ಹೊರಟಿಲ್ಲ. ಮಧುರಾ ಹೊರಟಿಲ್ಲವಾದರೆ ಕಾರೂ ಹೋಗಿಲ್ಲ. ಕಾರು ಹೋಗಿಲ್ಲವಾದರೆ ಗೆದ್ದೆವು. ಅವಳಿಗೆ ಎದೆ ಡವಗುಟ್ಟುವುದರಲ್ಲೂ ಒಂದು ಬಗೆಯ ಖುಷಿಯಿತ್ತು. ಜುಟ್ಟು ಕೈಗೆ ಸಿಕ್ಕೇಬಿಟ್ಟಿತು ಅನ್ನಿಸುತ್ತಿತ್ತು.

ಶೀನಣ್ಣನ ಮನೆಯ ಗೇಟು ತೆರೆದಿತ್ತು. ವರಾಂಡದ ಬೆತ್ತದ ಕುರ್ಚಿಯ ಮೇಲೆ ಮಧುರಾ ಕೂತಿದ್ದಳು. ಹಸಿರಂಚಿನ ಒಳ್ಳೆಯ ಸೀರೆ, ತಲೆಗೆ ಮಲ್ಲಿಗೆ, ಮಡಿಲಲ್ಲಿ ಒಂದು ಬಟ್ಟೆಯ ಚೀಲ.

ಚೀಲ ಇತ್ತು. ಆಂಡಾಳಮ್ಮನಿಗೆ ಕೂಗಿಬಿಡಬೇಕೆನ್ನಿಸಿತು. ಗೇಟಿನ ಕಂಬ ಹಿಡಿದು ಉಸಿರೆಳೆದುಕೊಂಡಳು.

“ಮಾಮಿ, ನೀವೂ ಬಂದ್ರಾ?” ಮಧುರಾ ಎದ್ದು ಓಡಿಬಂದಳು. ಎರಡು ವಾರದಿಂದ ಅತ್ತು ಊದಿಕೊಂಡಿದ್ದ ಮುಖ ಇವತ್ತು ತೊಳೆದಿಟ್ಟಂತಿತ್ತು. “ನೀವೂ ಜೊತೆಗೆ ಬರ್ತೀರಿ ಅಂತ ಆತ್ರೇಯ ಅವರು ಹೇಳ್ಲೇ ಇಲ್ಲ.”

“ಅವರು ಏನು ಹೇಳಿದ್ರು?”

“ನೀವೇ ಹೇಳಿ ಕಳ್ಸಿದ್ರಂತಲ್ಲ. ಅಕ್ಷೂನ ಕರ್ಕೊಂಡು ಬರೋಕೆ ನಾನೇ ಹೋಗ್ಬೇಕು, ಫೋನ್ ಮಾತ್ರ ಮಾಡ್ಬಾರ್ದು, ಲೈನ್ ಕದ್ದು ಕೇಳ್ತಾರೆ ಅಂತ. ಶುಕ್ರವಾರ ಪಡುವಲಕ್ಕೆ ಹೇಗೆ ಹೊರಡೋದು ಅಂದೆ. ಪರಸ್ತಾನ ಇಡ್ತೀನಿ ಅಂದಾಗ ಪಾಪ, ಅವರಿಗೆ ಅದೇನು ಅಂತಲೇ ಗೊತ್ತಿರ್ಲಿಲ್ಲ. ಎಲ್ಲಾ ಬಿಡಿಸಿ ಹೇಳ್ದೆ.” ಅವಳು ಚೀಲದ ಬಾಯಿ ಬಿಡಿಸಿದಳು. “ನೋಡಿ, ಅವಳ ಹಸಿರು ಚೂಡಿದಾರ್. ಪುಳಿಯೋಗರೆ ಗೊಜ್ಜು. ಹದಿನೈದು ದಿನದಿಂದ ಏನು ತಿಂದ್ಳೋ ಏನೋ.”

ಆಂಡಾಳಮ್ಮ ಚೀಲ ನೋಡಲಿಲ್ಲ. ಮಧುರಾ ಬಗ್ಗಿದಾಗ ಅವಳ ಕಿವಿ ಕಂಡಿತ್ತು.

“ನಿನ್ನ ಓಲೆ ಎಲ್ಲಿ ಮಧುರಾ?”

ಏಳು ಹರಳಿನ ಓಲೆ. ಮಧುರಾಳ ತಾಯಿಯದು. ಬಾಣಂತನದಲ್ಲೂ ಬಿಚ್ಚದ ಓಲೆ ಅದು. ಅಕ್ಷಯಾ ಕೈಗೂಸಾಗಿದ್ದಾಗ ಅದನ್ನು ಹಿಡಿದು ಜಗ್ಗುತ್ತಲೇ ನಿದ್ದೆ ಹೋಗುತ್ತಿದ್ದಳೆಂದು ಮಧುರಾ ಎಷ್ಟೋ ಸಲ ಹೇಳಿದ್ದಳು.

“ಡ್ರೈವರ್ ಕೈಲಿ ಕೊಟ್ಟಿದೀನಿ,” ಎಂದಳು ಮಧುರಾ. “ಬೆಳಿಗ್ಗೆ ಕಾರು ತಂದಿದ್ದ. ಅಲ್ಲಿ ಆ ಮನೆಯವರಿಗೆ ನನ್ನ ಗುರುತಿಲ್ಲ, ನನ್ನದು ಅಂತ ಅಕ್ಷಯಾ ಒಪ್ಪೋ ಅಂಥದ್ದು ಏನಾದ್ರೂ ಮೊದಲೇ ತೋರಿಸಬೇಕು, ಕೊಟ್ಟಿರಿ ಅಂದ. ಇದಕ್ಕಿಂತ ಗುರುತು ಬೇಕಾ? ಬಿಚ್ಚಿಕೊಟ್ಟೆ. ಪೆಟ್ರೋಲ್ ಹಾಕಿಸ್ಕೊಂಡು ಈಗ ಬಂದೆ ಅಂತ ಹೋದ.”

“ಯಾವಾಗ ಹೋದ?”

“ಏಳು ಗಂಟೆ ಆಗಿರ್ಬೇಕು. ಬಂಕ್‌ನಲ್ಲಿ ರಶ್ ಇರುತ್ತಲ್ಲ ಮಾಮಿ.”

ಬಾಗಿಲಲ್ಲಿ ನಿಂತಿದ್ದ ಶೀನಣ್ಣ ತಲೆ ತಗ್ಗಿಸಿದ. ಒಳಗೆ ಅವನ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿದು ಎಲೆ ಎತ್ತುತ್ತಿದ್ದರು. ಬೆಳಗಿನಿಂದ ತಂಗಿ ತಿಂಡಿ ಬೇಡ, ಊಟ ಬೇಡ, ಕಾರು ಬಂದುಬಿಡುತ್ತೆ ಎನ್ನುತ್ತ ಕೂತಿದ್ದಳೆಂದು ಅವನು ಮೆಲ್ಲಗೆ ಹೇಳಿದ.

ಆಂಡಾಳಮ್ಮನ ಖುಷಿಯೆಲ್ಲಾ ಸೋರಿಹೋಯಿತು. ತನ್ನ ಲೆಕ್ಕ ತಲೆಕೆಳಗಾಗಿತ್ತು. ಚೀಲ ಇಲ್ಲೇ ಇದ್ದರೆ ಕಾರು ಹೋಗಿಲ್ಲ ಎಂದುಕೊಂಡಿದ್ದಳು. ಅವರಿಗೆ ಬೇಕಾಗಿದ್ದದ್ದು ತಾಯಿಯಲ್ಲ, ತಾಯಿಯ ಓಲೆ. ಅದು ಸಿಕ್ಕ ಮೇಲೆ ಈಕೆ ಇಲ್ಲಿ ಚೀಲ ಹಿಡಿದು ಎಷ್ಟು ಹೊತ್ತು ಕೂತರೂ ಅವರಿಗೆ ಒಳ್ಳೆಯದೇ.

ಇನ್ನೊಂದು ಪ್ರಶ್ನೆಯ ಉತ್ತರ ಅವಳಿಗೆ ಬೇಡವಾಗಿತ್ತು. ಆದರೂ ಕೇಳಲೇಬೇಕಿತ್ತು.

“ಡ್ರೈವರ್ ನೋಡೋಕೆ ಹೇಗಿದ್ದ?”

“ಒಳ್ಳೆ ಮರ್ಯಾದಸ್ಥ ಮಾಮಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಓಲೇನ ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕ್ಕೊಂಡ.” ಮಧುರಾ ತನ್ನ ಬಲಹುಬ್ಬಿನ ಮೇಲೆ ಬೆರಳಿಟ್ಟು ತೋರಿಸಿದಳು. “ಇಲ್ಲಿ ಮಾತ್ರ ಅರ್ಧ ಹುಬ್ಬಿಲ್ಲ. ಚಿಕ್ಕಂದಿನಲ್ಲಿ ಸುಟ್ಟಿತ್ತೋ ಏನೋ ಪಾಪ.”

ಆ ಹುಬ್ಬಿನ ವಿಷಯ ತಾಯಿಗೂ ಹೇಳಬೇಡ ಎಂದು ಅಕ್ಷಯಾಳಿಂದ ಆಣೆ ಹಾಕಿಸಿಕೊಂಡವಳು ಆಂಡಾಳಮ್ಮನೇ. ಬಾಯಿ ತಪ್ಪಿ ಆಚೆ ಹೋದೀತು ಎಂದು. ಅವತ್ತು ಅದು ಬುದ್ಧಿವಂತಿಕೆ ಅನ್ನಿಸಿತ್ತು. ಈಗ ಅದೇ ಬಾಯಿಬೀಗ ಈ ತಾಯಿಯ ಕೈಯಿಂದ ಓಲೆ ಬಿಚ್ಚಿಸಿ ಕೊಲೆಗಾರನಿಗೆ ಕೊಡಿಸಿತ್ತು. ನಂದೀಶನ ಕಡೆ ನೋಡಿದಳು. ಅವನು ಆಗಲೇ ಕಾರಿನ ಕೀ ಕೈಗೆ ತೆಗೆದುಕೊಂಡಿದ್ದ.

“ಶೀನಣ್ಣ, ಫೋನ್ ಎಲ್ಲಿದೆ?”

ಒಳಗಿನ ಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಮೊದಲು ತನಿಖಾಧಿಕಾರಿಗೆ ಮಾಡಿದಳು. ಸಾಹೇಬರು ಬಂದೋಬಸ್ತಿಗೆ ಹೋಗಿದ್ದರು. ಫೋನ್ ತೆಗೆದ ಕಾನ್‌ಸ್ಟೇಬಲ್ ಎಲ್ಲಾ ಕೇಳಿಸಿಕೊಂಡು, ಬಂದ ತಕ್ಷಣ ಹೇಳ್ತೀನಿ, ವೈರ್‌ಲೆಸ್‌ಗೆ ಅವರೇ ಹೇಳ್ಬೇಕು ಎಂದ. ಆಮೇಲೆ ಸಿದ್ದಬಸಪ್ಪ.

“ನಾನೇ ನಿಮ್ಮನ್ನ ಹುಡುಕ್ತಿದ್ದೆ ಅಮ್ಮಾರೇ,” ಎಂದ ಅವನು. “ಚಾರ್ಮಾಡಿ ಕಡೆ ಹೊರಡ್ಬೇಡಿ. ಈಗ ತಾನೇ ಕೊಟ್ಟಿಗೆಹಾರದಿಂದ ನಮ್ಮ ಡ್ರೈವರ್ ಫೋನ್ ಮಾಡಿದ್ದ. ಗುಡ್ಡ ಕುಸಿದು ರಸ್ತೆ ಪೂರ್ತಿ ಮುಚ್ಚಿಹೋಗಿದೆ. ತೆಗೆಯೋಕೆ ಎರಡು ದಿನ ಅಂತಿದಾರೆ.”

“ಅದಕ್ಕೆ ಮುಂಚೆ ಯಾವುದಾದ್ರೂ ಕಾರು ದಾಟಿತಾ?”

“ಒಂದೇ ಒಂದು. ಬಿಳಿ ಎಸ್ಟೀಮು, ಗಾಜಿಗೆ ವಕೀಲರ ಸ್ಟಿಕರ್ ಅಂಟಿಸಿದಾರಂತೆ. ನಮ್ಮ ಬಸ್ಸಿನ ಮುಂದೆನೇ ಇತ್ತು. ಅದು ದಾಟಿದ್ದೇ ಹಿಂದುಗಡೆ ಗುಡ್ಡ ಬಂತಂತೆ. ಕೂದಲೆಳೆಯಲ್ಲಿ ಬಚಾವಾದ, ಅದೃಷ್ಟವಂತ.”

ಆಂಡಾಳಮ್ಮ ರಿಸೀವರ್ ಇಟ್ಟಳು. ಶಿರಾಡಿ ಹೊಳೆಗೆ ಹೋಗಿತ್ತು. ಚಾರ್ಮಾಡಿ ಮಣ್ಣಿನಡಿ ಸೇರಿತ್ತು. ಅವನು ಆಚೆ ಕಡೆ, ತಾನು ಈಚೆ ಕಡೆ. ನಾಳೆ ಬೆಳಗಿನ ಜಾವ ಹಿನ್ನೀರು ಇಳಿದಾಗ ಆ ಕಟ್ಟೆಯ ಮೇಲೆ ಒಂದು ಬಿಳಿ ಕಾರು ಹೋಗುತ್ತದೆ, ಮಹಾನಂದ ಬಾಗಿಲ ಸಂದಿಯಿಂದ ನೋಡುತ್ತಾಳೆ, ಅಕ್ಷಯಾ ತಾಯಿಯ ಓಲೆ ಕಂಡು ತಾನಾಗಿಯೇ ಚಿಲಕ ತೆಗೆಯುತ್ತಾಳೆ.

ನಂದೀಶ ಬಾಗಿಲಲ್ಲಿ ನಿಂತಿದ್ದ. ಅವನಿಗೆ ಏನೂ ಹೇಳಬೇಕಾಗಲಿಲ್ಲ.

“ಆಗುಂಬೆ ಇದೆ ಮೇಡಂ. ಶಿವಮೊಗ್ಗ, ತೀರ್ಥಹಳ್ಳಿ ಮೇಲೆ. ಸಣ್ಣ ಗಾಡಿ ಬಿಟ್ರೂ ಬಿಡ್ಬೋದು.”

“ಆ ರಸ್ತೆ ಹೇಗಿದೆ ಅಂತ ಯಾರಿಗೂ ಗೊತ್ತಿಲ್ಲ ಅಂದ್ಯಲ್ಲ.”

“ಗೊತ್ತಿಲ್ಲ. ಕೇಳ್ತಾ ಕೂತ್ರೆ ನೀರು ಇಳಿದುಬಿಡುತ್ತೆ.”

ರಸ್ತೆ ವಿಚಾರಿಸದೆ ಆಂಡಾಳಮ್ಮ ಯಾವತ್ತೂ ಊರ ಗಡಿ ದಾಟಿದವಳಲ್ಲ. ಅವಳು ಸೆರಗು ಬಿಗಿದು ಸಿಕ್ಕಿಸಿಕೊಂಡು ಹೊರಗೆ ಬಂದಳು. ಮಧುರಾಳ ಕೈಯಿಂದ ಚೀಲ ತೆಗೆದುಕೊಂಡು ಪದ್ಮಿನಿಯ ಹಿಂದಿನ ಸೀಟಿನ ಮೇಲಿಟ್ಟಳು. ಅಲ್ಲಿ ಬಾಗಿಲು ತೆಗೆಸಬಲ್ಲ ಕೂಗು, ಅಥವಾ ತೆಗೆಯದಂತೆ ತಡೆಯಬಲ್ಲ ಕೂಗು, ಈ ತಾಯಿಯದೊಂದೇ.

“ಹತ್ತು ಮಧುರಾ. ನಾವು ಹೊರಡೋಣ.”

“ಮತ್ತೆ ಆ ಕಾರು ಮಾಮಿ?” ಮಧುರಾ ರಸ್ತೆಯ ತುದಿಯವರೆಗೆ ಕಣ್ಣು ಹಾಯಿಸಿದಳು. “ಅವನು ಇಲ್ಲಿಗೆ ಬಂದು ಹುಡುಕಿದ್ರೆ?”

“ಬರಲ್ಲ. ಅವನು ಮುಂದೆ ಹೋಗಿಬಿಟ್ಟಿದಾನೆ. ಘಟ್ಟ ಇಳಿದನಂತೆ.”

“ಸದ್ಯ,” ಎಂದಳು ಮಧುರಾ. ಮುಖ ಅರಳಿತು. ಬರಿದಾದ ಕಿವಿಯ ಮೇಲೆ ಸೆರಗು ಎಳೆದುಕೊಂಡು, ಹಿಂತಿರುಗಿ ನೋಡದೆ ಕಾರು ಹತ್ತಿದಳು. “ಹಾಗಾದ್ರೆ ನಾವು ಹೋಗೋವರೆಗೂ ನನ್ನ ಮಗಳು ಒಬ್ಳೇ ಇರಲ್ಲ.”